ಕಥೆ ಕೇಳಿ ಅಳತೆ ಹಿಡಿಯುತ್ತಿದ್ದ ಖಲೀಲ್ ಮಾಸ್ಟರ್

ಕಥೆ ಕೇಳದೆ ಖಲೀಲ್ ಮಾಸ್ಟರ್ ಯಾರ ಅಳತೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಶಿವಾಜಿನಗರದಲ್ಲಿ ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಒಂದು ಹಳೆಯ ಕಟ್ಟಡದ ಮೊದಲ ಮಹಡಿಯಲ್ಲಿ ಅವರ ಅಂಗಡಿ. ಕಿರಿದಾದ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ, "ಮಾಸ್ಟರ್, ಒಂದು ರಾಜನ ಡ್ರೆಸ್ಸು ಬೇಕಿತ್ತು" ಎಂದರೆ ಅವರು ಟೇಪನ್ನು ಮುಟ್ಟುತ್ತಲೇ ಇರಲಿಲ್ಲ. ಸ್ಟೂಲು ಎಳೆದು ಕೂರಿಸಿ, ಟೀ ತರಿಸಿ, ಕನ್ನಡಕವನ್ನು ಹಣೆಗೇರಿಸಿಕೊಂಡು ಹೇಳುತ್ತಿದ್ದರು: "ಪೆಹಲೇ ಕಥೆ ಹೇಳಿ ಮೇಡಂ. ಬಟ್ಟೆ ಆಮೇಲೆ. ಎಂಥಾ ರಾಜ? ಹೆದರ್ಸೋ ರಾಜಾನಾ, ಹೆದರೋ ರಾಜಾನಾ?"

"ಎರಡಕ್ಕೂ ಏನು ವ್ಯತ್ಯಾಸ ಮಾಸ್ಟರ್?"

"ಕಾಲರ್ ವ್ಯತ್ಯಾಸ. ಹೆದರೋ ರಾಜನಿಗೆ ಕಾಲರ್ ದೊಡ್ಡದಿಡ್ಬೇಕು. ಕತ್ತು ಒಳಗೆ ಎಳ್ಕೊಳ್ಳೋಕೆ ಜಾಗ ಬೇಕಲ್ಲ."

ನಾನು ರಿಚರ್ಡ್ಸ್ ಟೌನಿನ ಒಂದು ಶಾಲೆಯಲ್ಲಿ ಕನ್ನಡ ಟೀಚರು. ಪ್ರತಿ ವರ್ಷ ವಾರ್ಷಿಕೋತ್ಸವದ ನಾಟಕ ಮಾಡಿಸುವ ಕೆಲಸ ನನ್ನ ತಲೆಗೆ ಬಿದ್ದಿತ್ತು. ಅಜ್ಜಿಕಥೆಗಳನ್ನೇ ತೆಗೆದುಕೊಂಡು, ಅರಮನೆಯನ್ನು ಅಪಾರ್ಟ್‌ಮೆಂಟ್ ಮಾಡಿ, ಸಾರೋಟನ್ನು ಆಟೋ ಮಾಡಿ, ಮಕ್ಕಳಿಂದ ಆಡಿಸುತ್ತಿದ್ದೆ. ಬಟ್ಟೆಗಾಗಿ ಹುಡುಕುತ್ತ ಹೋದಾಗ ಸಿಕ್ಕಿದವರು ಮಾಸ್ಟರ್. ಆಗ ಅವರಿಗೆ ಅರವತ್ತು ದಾಟಿತ್ತು. ತೆಳ್ಳಗಿನ ಮೈ, ಬಿಳಿಯ ಅಂಗಿ, ಅಂಗಿಯ ಎಡಗಡೆಯ ಕಾಲರಿಗೆ ಯಾವಾಗಲೂ ದಾರ ಪೋಣಿಸಿದ ಎರಡು ಸೂಜಿ. ಅವರ ತಂದೆ ಕಂಟೋನ್ಮೆಂಟಿನ ಮದುವೆ ಬ್ಯಾಂಡ್‌ನವರಿಗೆ ಯೂನಿಫಾರ್ಮ್ ಹೊಲಿಯುತ್ತಿದ್ದರಂತೆ. ಮದುವೆ ಬ್ಯಾಂಡುಗಳು ಕಡಿಮೆಯಾದ ಮೇಲೆ ಮಗ ನಾಟಕದ ಬಟ್ಟೆಗೆ ಇಳಿದಿದ್ದರು.

ಅವರ ಹತ್ತಿರ ಬರುತ್ತಿದ್ದವರೆಲ್ಲ ಒಂದಲ್ಲ ಒಂದು ಹಳೆಯ ಕಥೆಯನ್ನು ಹೊಸದು ಮಾಡಲು ಹೊರಟವರೇ. ಕುಕ್ ಟೌನಿನ ಗೊಂಬೆಯಾಟದವರು, ಕಿರುಚಿತ್ರ ತೆಗೆಯುವ ಕಾಲೇಜು ಹುಡುಗಿಯರು, ಇಂದಿರಾನಗರದ ಡ್ಯಾನ್ಸ್ ಸ್ಟುಡಿಯೋದವರು. ಒಮ್ಮೆ ನಾನು ಅಂಗಡಿಯಲ್ಲಿ ಇದ್ದಾಗಲೇ ಒಬ್ಬ ನೃತ್ಯ ನಿರ್ದೇಶಕಿ ಬಂದು, ಸಮುದ್ರದ ರಾಜಕುಮಾರಿಯ ಕಥೆ, ಕುಣಿಯುವ ಹತ್ತೂ ಜನರಿಗೆ ಬೂದು ಬಣ್ಣದ ಬಟ್ಟೆ ಬೇಕು ಎಂದರು. ಮಾಸ್ಟರ್ ಕಥೆ ಪೂರ್ತಿ ಕೇಳಿದರು.

"ಮೀನು, ಹವಳ, ನೀರು ಎಲ್ಲಾ ಬೂದು ಬಣ್ಣಾನೇನಾ?"

"ಹೌದು ಮಾಸ್ಟರ್, ಇದು ಮಾಡರ್ನ್ ಇಂಟರ್‌ಪ್ರಿಟೇಶನ್."

"ಮಾಡರ್ನ್ ಅಂದ್ರೆ ಬಣ್ಣ ತೆಗೆಯೋದಾ ಮೇಡಂ?" ಎಂದರು. ಕುಹಕವಲ್ಲ, ನಿಜವಾಗಿ ತಿಳಿದುಕೊಳ್ಳುವ ಆಸೆ. ಕೊನೆಗೆ ಎಲ್ಲ ಬಟ್ಟೆಗಳಿಗೂ ಒಳಗಡೆ ನೀಲಿ ಅಸ್ತರಿ ಕೊಡುವುದೆಂದು ಒಪ್ಪಂದವಾಯಿತು. ಕುಣಿಯುತ್ತ ಗಿರಕಿ ಹೊಡೆದಾಗಷ್ಟೇ ಕಾಣುವ ಹಾಗೆ. ಆ ಪ್ರದರ್ಶನ ನೋಡಿದವರು ನೀಲಿಯ ಬಗ್ಗೆಯೇ ಮಾತಾಡಿದರೆಂದು ಕೇಳಿದೆ.

ನೂರು ವರ್ಷ ನಿದ್ದೆ ಹೋದ ರಾಜಕುಮಾರಿಯ ಕಥೆಯನ್ನು ನಾನು ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಎದ್ದ ಮೇಲೆ ಪಾಪ, ಬಟ್ಟೆ ಫ್ಯಾಷನ್ ಹೋಗಿರುತ್ತಲ್ಲ? ಎಲ್ಲರೂ ನಗಲ್ವಾ?" ಆ ವರ್ಷದ ನಮ್ಮ ನಾಟಕ ಹುಟ್ಟಿದ್ದು ಅದರಿಂದ. ನಮ್ಮ ರಾಜಕುಮಾರಿ ಎದ್ದು ನೇರ ಇಂದಿರಾನಗರದ ಮೆಟ್ರೋ ಸ್ಟೇಷನ್ನಿಗೆ ಬಂದಳು, ಅವಳ ಲಂಗ ಎಸ್ಕಲೇಟರಿನಲ್ಲಿ ಸಿಕ್ಕಿಕೊಂಡಿತು. ಸಭೆ ಬಿದ್ದು ಬಿದ್ದು ನಕ್ಕಿತು. ಇನ್ನೊಂದು ವರ್ಷ ತೋಳದ ಪಾತ್ರ ಸಿಕ್ಕಿತೆಂದು ಅಳುತ್ತಿದ್ದ ಎರಡನೇ ಕ್ಲಾಸಿನ ಮಗುವಿನ ವೇಷಕ್ಕೆ, ಹೊಟ್ಟೆಯ ಹತ್ತಿರ ಒಂದು ಗುಟ್ಟಿನ ಜೇಬು ಹೊಲಿದು, ಅದರಲ್ಲಿ ಕರ್ಚೀಫು ಇಟ್ಟು ಕೊಟ್ಟರು. "ತೋಳಕ್ಕೂ ನೆಗಡಿ ಆಗುತ್ತೆ ಬೇಟಾ" ಎಂದು ಸಮಾಧಾನ ಮಾಡಿದರು.

ಇಂಥ ಮನುಷ್ಯ ಒಮ್ಮೆ ನನಗೆ ಬಟ್ಟೆ ಹೊಲಿಯುವುದಿಲ್ಲ ಎಂದುಬಿಟ್ಟರು.

ಅದಕ್ಕೆ ಮುಂಚೆ ನನ್ನ ಮನೆಯ ವಿಷಯ ಹೇಳಬೇಕು. ಆ ವರ್ಷದ ಆರಂಭದಲ್ಲಷ್ಟೇ ನನ್ನ ಮದುವೆಯಾಗಿತ್ತು. ಗಂಡನಿಗೆ ಇದು ಎರಡನೆಯ ಮದುವೆ. ಮೊದಲ ಹೆಂಡತಿ ತೀರಿಕೊಂಡಿದ್ದರು. ಅವರ ಮಗಳು ನಿತ್ಯಾ, ಒಂಬತ್ತು ವರ್ಷ, ನಮ್ಮ ಶಾಲೆಯಲ್ಲೇ ನಾಲ್ಕನೇ ಕ್ಲಾಸು. ಹೀಗಾಗಿ ಅವಳು ನನ್ನನ್ನು ಮನೆಯಲ್ಲೂ ಮಿಸ್ ಎಂದೇ ಕರೆಯುತ್ತಿದ್ದಳು. ಒರಟಾಗಿ ಒಂದು ಮಾತಿಲ್ಲ, ಹಟವಿಲ್ಲ. ತಟ್ಟೆ ತೊಳೆದಿಡುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಆ ವಿಧೇಯತೆಯನ್ನೇ ನನಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಜಗಳವಾಡಿದ್ದರೆ ನೆಮ್ಮದಿಯಾಗುತ್ತಿತ್ತೇನೋ.

ಆ ವರ್ಷ ಪ್ರಿನ್ಸಿಪಾಲರು ಗಾಜಿನ ಚಪ್ಪಲಿ ಕಳೆದುಕೊಂಡ ಹುಡುಗಿಯ ಕಥೆಯೇ ಆಗಬೇಕು ಎಂದರು. ಪಾತ್ರ ಹಂಚುವ ದಿನ ಕ್ಲಾಸಿನಲ್ಲಿ, "ಮಲತಾಯಿ ಯಾರು ಮಾಡ್ತೀರಾ?" ಎಂದು ಕೇಳಿದಾಗ ಕೈಯೆತ್ತಿದ್ದು ನಿತ್ಯಾ ಒಬ್ಬಳೇ. ಮಕ್ಕಳು ಅವಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಹಿಂದಿನ ಬೆಂಚಿನಿಂದ ಕಿಸಕ್ಕೆಂದು ನಗು ಕೇಳಿತು. ನಾನು ಅವಳ ಹೆಸರು ಬರೆದುಕೊಂಡೆ. ಬೋರ್ಡಿಗೆ ತಿರುಗಿ ನಿಂತು ಸುಮಾರು ಹೊತ್ತು ಏನನ್ನೋ ಒರೆಸಿದೆ.

ಶನಿವಾರ ಮಧ್ಯಾಹ್ನ ಅವಳನ್ನು ಮಾಸ್ಟರ ಅಂಗಡಿಗೆ ಕರೆದುಕೊಂಡು ಹೋದೆ. ಇವಳು ಯಾರೆಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕಥೆ ಹೇಳತೊಡಗಿದೆ. ಮಲತಾಯಿಯ ಭಾಗ ಬಂದಾಗ ನನ್ನ ದನಿ ತಾನಾಗಿ ಇಳಿಯಿತು.

"ಆ ಹೆಂಗಸಿನ ಹೆಸರೇನು?" ಎಂದರು ಮಾಸ್ಟರ್.

"ಕಥೆಯಲ್ಲಿ ಹೆಸರಿಲ್ಲ ಮಾಸ್ಟರ್. ಮಲತಾಯಿ ಅಷ್ಟೇ."

"ಯಾಕೆ ಹಂಗೆ ಮಾಡ್ತಾಳೆ ಅವಳು?"

"ಕೆಟ್ಟವಳು, ಅದಕ್ಕೆ."

ಅವರು ಕತ್ತಿನಿಂದ ಟೇಪು ತೆಗೆದು ಮಡಿಸಿ ಮೇಜಿನ ಮೇಲಿಟ್ಟರು. "ಕ್ಷಮಿಸ್ಬೇಕು ಮೇಡಂ. ಈ ಬಟ್ಟೆ ನಂಗೆ ಹೊಲಿಯಕ್ಕಾಗಲ್ಲ. ಬೇರೆ ಯಾರಾದ್ರೂ ಸಿಕ್ತಾರೆ, ನಾನೇ ಅಡ್ರೆಸ್ ಕೊಡ್ತೀನಿ." ಆಮೇಲೆ ಅಂಗಡಿಯ ಹಿಂಭಾಗದ ಪರದೆಯತ್ತ ತಿರುಗಿ, "ಅಮ್ಮಾ, ಇಧರ್ ಆವೋ" ಎಂದು ಕೂಗಿದರು.

ಪರದೆಯ ಹಿಂದೆ ಕೂತು ಗುಂಡಿ ಹಚ್ಚುತ್ತಿದ್ದ ಮುದುಕಿಯೊಬ್ಬರು ನಿಧಾನವಾಗಿ ಹೊರಬಂದರು. ಅವರನ್ನು ನಾನು ಎಷ್ಟೋ ಸಲ ನೋಡಿದ್ದೆ, ಕೆಲಸದವರೆಂದೇ ತಿಳಿದಿದ್ದೆ. ಹೆಸರು ಮೆಹರುನ್ನೀಸಾ, ಕೋಲಾರದ ಕಡೆಯವರು, ಕನ್ನಡ ಸಲೀಸು.

"ಇವ್ರು ನಮ್ಮಮ್ಮ" ಎಂದರು ಮಾಸ್ಟರ್. "ಹೆತ್ತೋರಲ್ಲ. ಹೆತ್ತಮ್ಮ ಹೋದಾಗ ನಂಗೆ ಆರು ವರ್ಷ. ನಮ್ಮಪ್ಪ, ಅಬ್ಬಾ, ಇವ್ರನ್ನ ಮದುವೆ ಆಗಿ ಕರ್ಕೊಂಡು ಬಂದಾಗ ಇವ್ರಿಗೆ ಹತ್ತೊಂಬತ್ತು. ಬಂದ ದಿನಾನೇ ನಾನು ಇವ್ರ ಕೈ ಕಚ್ಚಿದೆ. ಆಮೇಲೆ ಒಂದಿನ ಅಬ್ಬಾನ ಕತ್ತರಿ ತಗೊಂಡು ಇವ್ರ ಮದುವೆ ದುಪಟ್ಟಾನ ಚೂರು ಚೂರು ಮಾಡಿದೆ. ಕೆಂಪು ದುಪಟ್ಟಾ, ಜರಿ ಇತ್ತು. ಅಬ್ಬಾಗೆ ಗೊತ್ತಾಗಿದ್ರೆ ನನ್ನ ಚರ್ಮ ಸುಲೀತಿದ್ರು."

"ಗೊತ್ತಾಗ್ಲಿಲ್ವಾ?" ಎಂದಳು ನಿತ್ಯಾ. ಅಂಗಡಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು.

"ಇವ್ರು ಹೇಳಿದ್ರು, ನಾನೇ ಕತ್ತರ್ಸಿದ್ದು, ಹುಡುಗನಿಗೆ ಈದ್‌ಗೆ ಅಂಗಿ ಹೊಲಿಯೋಕೆ ಅಂತ. ಹೇಳಿದ ಮೇಲೆ ಹೊಲೀಲೇಬೇಕಲ್ಲ? ರಾತ್ರಿ ಹಗಲು ಕೂತು ಚೂರು ಜೋಡಿಸಿದ್ರು. ಗುಂಡಿ ಹಾಕೋ ಕಾಜಾ ಎಲ್ಲಾ ಸೊಟ್ಟ. ಓಣಿಲಿ ನನ್ನಷ್ಟು ಜೋರಾದ ಅಂಗಿ ಯಾರಿಗೂ ಇರ್ಲಿಲ್ಲ."

ಮುದುಕಿ ಬಲಗೈ ಚಾಚಿದರು. ಹೆಬ್ಬೆರಳ ಬುಡದಲ್ಲಿ ಸಣ್ಣ ಬಿಳಿ ಗುರುತು. ನಿತ್ಯಾ ಬಗ್ಗಿ ನೋಡಿದಳು.

"ತುಂಬಾ ನೋವಾಯ್ತಾ ಅಜ್ಜಿ?"

"ನಂಗೆಲ್ಲಿ? ಅವನ ಹಲ್ಲು ಮೊದಲೇ ಅಲ್ಲಾಡ್ತಿತ್ತು. ಕಚ್ಚಿದ್ದಕ್ಕೆ ಬಿದ್ದೇ ಹೋಯ್ತು. ಅಳು ಅಂದ್ರೆ ಅಳು! ಕೈಯಲ್ಲಿ ರಕ್ತ ಸುರೀತಿದ್ರೂ ನಾನೇ ಅವನ್ನ ಎತ್ಕೊಂಡು ಸಮಾಧಾನ ಮಾಡ್ಬೇಕಾಯ್ತು."

ಮಾಸ್ಟರ್ ಜೋರಾಗಿ ನಕ್ಕರು. ನಿತ್ಯಾ ನಗಲಿಲ್ಲ. ಆ ಗುರುತಿನ ಮೇಲೆ ಬೆರಳಿಟ್ಟು ನೋಡುತ್ತಿದ್ದಳು. ನನಗೆ ಅಲ್ಲಿ ಕೂರಲಾಗದೆ, ಅಡ್ರೆಸ್ಸೂ ಕೇಳದೆ, ಅವಳನ್ನು ಕರೆದುಕೊಂಡು ಕೆಳಗಿಳಿದೆ.

ಆಟೋದಲ್ಲಿ ನಿತ್ಯಾ ಕೇಳಿದಳು, "ಮಿಸ್, ಕಥೇನ ಸ್ವಲ್ಪ ಚೇಂಜ್ ಮಾಡ್ಬಹುದಾ?"

ಮುಂದಿನ ಎರಡು ವಾರ ನಾವಿಬ್ಬರೂ ಅಡುಗೆಮನೆಯ ಮೇಜಿನಲ್ಲಿ ಕೂತು ಬರೆದೆವು. ಮದುವೆಯಾದ ಮೇಲೆ ನಾವು ಒಟ್ಟಿಗೆ ಮಾಡಿದ ಮೊದಲ ಕೆಲಸ ಅದು. ಮಲತಾಯಿಗೆ ಗಿರಿಜಾ ಎಂದು ಹೆಸರಿಟ್ಟವಳು ನಿತ್ಯಾ. ಗಿರಿಜಾ ಒಳ್ಳೆಯವಳೇನೂ ಆಗಲಿಲ್ಲ. ತಪ್ಪು ಮಾಡುತ್ತಾಳೆ, ಹೊಟ್ಟೆಕಿಚ್ಚು ಪಡುತ್ತಾಳೆ, ಹುಡುಗಿಯನ್ನು ಕೋಣೆಗೆ ಹಾಕಿ ಬೀಗ ಜಡಿಯುತ್ತಾಳೆ, ಆದರೆ ಬೀಗ ತೆಗೆಯುವವಳೂ ಅವಳೇ. ಹೊಸ ಕಥೆಯನ್ನು ಮಾಸ್ಟರಿಗೆ ನಿತ್ಯಾಳೇ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿ, ಟೇಪು ಎತ್ತಿಕೊಂಡು, ತೋಳಿನ ಅಳತೆಯನ್ನು ಎರಡು ಇಂಚು ಜಾಸ್ತಿಯೇ ಬರೆದುಕೊಂಡರು.

"ಉದ್ದ ಆಯ್ತು ಮಾಸ್ಟರ್" ಎಂದೆ.

"ಇರ್ಲಿ ಮೇಡಂ. ಗಿರಿಜಾಗೆ ಹೊಸ ಮನೇಲಿ ಕೈ ಎಲ್ಲಿಟ್ಕೋಬೇಕು ಅಂತ ಗೊತ್ತಾಗಲ್ಲ. ತೋಳೊಳಗೆ ಸೇರಿಸ್ಕೊಳ್ಳಲಿ."

ನಾಟಕದ ದಿನ ಅವರು ತಾಯಿಯನ್ನು ಕರೆದುಕೊಂಡು ಬಂದು ಕೊನೆಯ ಸಾಲಿನಲ್ಲಿ ಕೂತರು. ಮಾತು ಮರೆತವರಿಗೆ ಹೇಳಿಕೊಡಲು ನಾನು ಪಕ್ಕದ ಪರದೆಯ ಹಿಂದೆ ನಾಟಕದ ಪುಸ್ತಕ ಹಿಡಿದು ನಿಂತಿದ್ದೆ. ಕಡು ಹಸಿರು ಗೌನು ತೊಟ್ಟ ನಿತ್ಯಾ ರಂಗದ ಮೇಲೆ ಬಂದು ಒಲೆಯ ಮುಂದೆ ನಿಂತಳು. ಅಲ್ಲಿ ಅವಳು ಸೌದೆಯ ಬಗ್ಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಕೈಗಳನ್ನು ತೋಳಿನೊಳಗೆ ಎಳೆದುಕೊಂಡು, ಡಬ್ಬಿಗಳ ಕಡೆ ನೋಡುತ್ತ, ನಾವು ಬರೆಯದೇ ಇದ್ದ ಮಾತು ಹೇಳಿದಳು: "ಈ ಮನೇಲಿ ಉಪ್ಪು ಎಲ್ಲಿದೆ ಅಂತ ಯಾರನ್ನ ಕೇಳ್ಲಿ? ಕೇಳಿದ್ರೆ ಅವಳಮ್ಮ ಇಡ್ತಿದ್ದ ಜಾಗ ನಂಗೆ ಗೊತ್ತಿಲ್ಲ ಅಂತ ಅವಳಿಗೆ ಗೊತ್ತಾಗ್ಬಿಡುತ್ತೆ."

ಮದುವೆಯಾಗಿ ಗಂಡನ ಮನೆಗೆ ಹೋದ ಮೊದಲ ವಾರ ನಾನು ಉಪ್ಪಿಲ್ಲದ ಸಾರು ಬಡಿಸಿದ್ದೆ. ಡಬ್ಬಿಗಳನ್ನೆಲ್ಲ ತೆರೆದು ಮುಚ್ಚಿ ಹುಡುಕಿ, ಕೇಳಲು ನಾಚಿ, ಹಾಗೇ ಬಡಿಸಿದ್ದೆ. ಅಪ್ಪ ಮಗಳು ಇಬ್ಬರೂ ಮಾತಿಲ್ಲದೆ ಉಂಡಿದ್ದರು. ನಾನು ಹುಡುಕುತ್ತಿದ್ದಾಗ ನಿತ್ಯಾ ಬಾಗಿಲ ಬಳಿ ನಿಂತು ಎಲ್ಲ ನೋಡಿದ್ದಳು ಎನ್ನುವುದು ನನಗೆ ಗೊತ್ತಾದದ್ದು ಆ ಕ್ಷಣ. ಪುಸ್ತಕದ ಅಕ್ಷರ ಕಾಣದಾಯಿತು. ಆಮೇಲೆ ಮಾತು ಮರೆತ ಇನ್ನೊಂದು ಮಗುವಿಗೆ ಯಾರು ಹೇಳಿಕೊಟ್ಟರೋ, ನಾನಂತೂ ಅಲ್ಲ.

ಅವಳು ಇವತ್ತಿಗೂ ನನ್ನನ್ನು ಮಿಸ್ ಎಂದೇ ಕರೆಯುತ್ತಾಳೆ. ಜಗಳವಾಡುತ್ತಾಳೆ, ಬಾಗಿಲು ದಢಾರನೆ ಹಾಕುತ್ತಾಳೆ. ನನಗೆ ಅಷ್ಟು ಸಾಕು.

ನಾಟಕ ಎಲ್ಲರಿಗೂ ಹಿಡಿಸಲಿಲ್ಲ. ಕಥೆ ಹಾಳು ಮಾಡಿದ್ದಾರೆ, ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ಕೆಲವು ಪೋಷಕರು ದೂರು ಕೊಟ್ಟರು. ಮರುವರ್ಷದಿಂದ ಸಿದ್ಧ ನಾಟಕ, ಸಿದ್ಧ ಬಟ್ಟೆ, ಎಲ್ಲವನ್ನೂ ಒಂದು ಕಂಪನಿಯವರೇ ತಂದುಕೊಡುವ ಏರ್ಪಾಡಾಯಿತು. ನಾನು ಎದುರಾಡಲಿಲ್ಲ. ಮಾಸ್ಟರಿಗೆ ಹೋಗಿ ಹೇಳಬೇಕಿತ್ತು, ಅದನ್ನೂ ಮಾಡಲಿಲ್ಲ. ಇವತ್ತು ನಾಳೆ ಎಂದು ಮೂರು ವರ್ಷ ಕಳೆಯಿತು.

ಒಂದು ಸಂಜೆ ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಅವರೇ ಎದುರಾದರು. ಇನ್ನೂ ಸೊರಗಿದ್ದರು. ನನ್ನನ್ನು ಕಂಡು ಮುಖವೆಲ್ಲ ಅರಳಿತು.

"ಏನ್ ಮೇಡಂ, ಈ ಸಲ ಯಾವ ಕಥೆ?"

"ಈಗ ಶಾಲೇಲಿ ನಾಟಕ ನಿಲ್ಸಿಬಿಟ್ಟಿದಾರೆ ಮಾಸ್ಟರ್" ಎಂದುಬಿಟ್ಟೆ. ಸುಳ್ಳು ಅಷ್ಟು ಸುಲಭವಾಗಿ ಬಂತು.

"ಅರೆ, ಮಕ್ಕಳಿಗೆ ಬೇಜಾರಾಗಲ್ವಾ?" ಎಂದರು. ನಿತ್ಯಾಳನ್ನು ವಿಚಾರಿಸಿಕೊಂಡರು. ನನ್ನ ಬಸ್ಸು ಬಂತು, ಹತ್ತಿದೆ. ಕಿಟಕಿಯ ಕೆಳಗೆ ನಿಂತು, "ಹುಷಾರು ಮೇಡಂ" ಎಂದು ಕೈ ಬೀಸಿದರು. ಮತ್ತೆ ಅವರನ್ನು ನೋಡಲಿಲ್ಲ.

ಕಳೆದ ವರ್ಷ ಗೊಂಬೆಯಾಟದವರಿಂದ ಮಾಸ್ಟರ್ ತೀರಿಕೊಂಡ ಸುದ್ದಿ ಬಂತು. ಹೃದಯಾಘಾತ, ಮೂರು ದಿನವಾಯಿತು ಎಂದರು. ನಿತ್ಯಾ ಕಾಲೇಜಿಗೆ ರಜೆ ಹಾಕಿ ನನ್ನ ಜೊತೆ ಬಂದಳು. ಅಂಗಡಿಯ ಮೇಲಿನ ಮಹಡಿಯೇ ಅವರ ಮನೆ. ಹೆಂಗಸರ ನಡುವೆ ಗೋಡೆಗೊರಗಿ ಮೆಹರುನ್ನೀಸಾ ಅಮ್ಮ ಕೂತಿದ್ದರು. ನನ್ನ ಗುರುತು ಹಿಡಿದರು.

"ಮೇಡಂ ಶಾಲೇಲಿ ನಾಟಕ ನಿಂತೋಯ್ತು ಅಂತ ಖಲೀಲ್ ಹೇಳ್ತಿದ್ದ" ಎಂದರು.

"ನಿಂತಿರ್ಲಿಲ್ಲ ಅಮ್ಮಾ. ಬೇರೆಯವರ ಹತ್ರ ಬಟ್ಟೆ ತರಿಸ್ತಿದ್ರು. ಹೇಳೋಕೆ ಮುಖ ಇರ್ಲಿಲ್ಲ, ಸುಳ್ಳು ಹೇಳ್ದೆ."

"ಗೊತ್ತಿತ್ತು ಅವನಿಗೆ. ಕೆಳಗಿನ ಮನೆ ಮಗು ನಿಮ್ಮ ಶಾಲೇನೇ. ಮೇಡಂಗೆ ಏನೋ ಕಷ್ಟ ಇರ್ಬೇಕು ಅಮ್ಮಾ, ಇಲ್ದಿದ್ರೆ ಹಂಗೆ ಹೇಳೋರಲ್ಲ ಅಂದ."

ಮುದುಕಿಯೇ ಮಾತು ಮುಂದುವರಿಸಿದರು. ದನಿಯಲ್ಲಿ ಅಳುವಿಗಿಂತ ಸಿಟ್ಟೇ ಹೆಚ್ಚಿತ್ತು. "ಎಲ್ಲಾ ಕಲಿಸ್ದೆ ಅವನಿಗೆ. ಸೂಜಿಗೆ ದಾರ ಹಾಕೋದು, ಕಾಜಾ, ಹೆಮ್ಮಿಂಗು, ನಮಾಜು. ಅಮ್ಮನಿಗಿಂತ ಮೊದಲು ಹೋಗ್ಬಾರ್ದು ಅಂತ ಒಂದು ಕಲಿಸೋಕೆ ಮರೆತೆ ನೋಡಿ."

ಬೆಳಗಿನಿಂದ ಅವರು ಏನೂ ತಿಂದಿಲ್ಲವೆಂದು ಮನೆಯ ಸೊಸೆಯೊಬ್ಬರು ಪಿಸುಗುಟ್ಟಿದರು. ಯಾರು ಹೇಳಿದರೂ ಕೇಳುತ್ತಿಲ್ಲವಂತೆ. ನಿತ್ಯಾ ಎದ್ದು, ಮೂಲೆಯಲ್ಲಿ ಮುಚ್ಚಿಟ್ಟಿದ್ದ ಗಂಜಿಯ ಬಟ್ಟಲು ತಂದು, ಅವರ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಚಮಚೆ ತುಂಬಿ ಹಿಡಿದು ಕಾದಳು. ಎಷ್ಟೋ ಹೊತ್ತಿನ ಮೇಲೆ ಮುದುಕಿ ಬಾಯಿ ತೆರೆದರು. ಬಟ್ಟಲು ಅರ್ಧ ಖಾಲಿಯಾಗುವವರೆಗೂ ನಿತ್ಯಾ ಚಮಚೆ ಕೆಳಗಿಡಲಿಲ್ಲ.