ಮುಖ ಇರುವ ಒಂದೇ ಫೋಟೋ

ನನ್ನ ಗೆಳತಿ ತೀರಿಕೊಂಡ ಮೇಲೆ ಎಲ್ಲರ ಬಾಯಲ್ಲೂ ಅವಳು ಕಲಾವಿದೆ. ಬದುಕಿದ್ದಾಗ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಯುವವಳು. ಬೀಗದ ಕೈ ಮಾಡುವವನ ಪಕ್ಕದಲ್ಲಿ ಅವಳ ಸ್ಟುಡಿಯೋ: ಒಂದು ಸ್ಟೂಲು, ಒಂದು ಬಿಳಿ ಪರದೆ, ದಾರ ಕಟ್ಟಿ ನೇತುಹಾಕಿದ ಬಾಚಣಿಗೆ. "ಕೂದಲು ಹಿಂದಕ್ಕೆ ತಳ್ಳಿ, ಕಿವಿ ಕಾಣಲಿ. ನಗಬೇಡಿ, ನಕ್ಕರೆ ಸರ್ಕಾರ ಒಪ್ಪಲ್ಲ." ದಿನವಿಡೀ ಇದನ್ನೇ ಹೇಳಿ ಹೇಳಿ ನಮಗೆಲ್ಲ ಅವಳು ‘ಕಿವಿ ಅಕ್ಕ’ ಆಗಿದ್ದಳು.

ನಾವು ಅಂದರೆ ಈ ಊರಿನ ಲೆಸ್ಬಿಯನ್ ಹೆಂಗಸರು. ರಜೆಯ ದಿನ ಅಂಗಡಿ ಮುಚ್ಚಿ, ಅದೇ ಕ್ಯಾಮೆರಾ ಹೆಗಲಿಗೇರಿಸಿ ನಮ್ಮ ಮನೆಗಳಿಗೆ ಬರುತ್ತಿದ್ದಳು. ಕಟ್ಟಿಕೊಂಡ ಸಿಂಕಿನ ಕೆಳಗೆ ತೂರಿದವಳು, ಪಕ್ಕದಲ್ಲಿ ಟಾರ್ಚು ಹಿಡಿದು ಅವಳನ್ನು ಬೈಯುವವಳು. ಒಂದೇ ಕನ್ನಡಕಕ್ಕೆ ಕಿತ್ತಾಡುವ ಇಬ್ಬರು ಮುದುಕಿಯರು. ಅವಳಿಗೆ ಬೇಕಿದ್ದದ್ದು ಇಂಥವೇ, ಅದೂ ಮುಖದ ಸಮೇತ.

"ಮುಖ ಬೇಡ ಅಕ್ಕ, ಮನೆ ಓನರ್ ನೋಡಿದ್ರೆ ಗತಿ ಏನು?"

"ನಿನ್ನನ್ನ ಕೇಳದೆ ಯಾರಿಗೂ ತೋರಿಸಲ್ಲ ತಾಯಿ. ತಿರುಗು ಈ ಕಡೆ."

ತಿರುಗದೆ ಉಳಿದವರ ಫೋಟೋಗಳು ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತಿದ್ದವು. "ಹಾಳಾದವು. ಬರೀ ಬೆನ್ನಿಟ್ಟುಕೊಂಡು ಏನು ಮಾಡಲಿ?"

ಒಂದು ಬೆಳಿಗ್ಗೆ ಮೆದುಳಿನಲ್ಲಿ ರಕ್ತಸ್ರಾವವಾಗಿ ಆ ಸ್ಟೂಲಿನ ಪಕ್ಕದಲ್ಲೇ ಕುಸಿದಳು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಅವಳ ನೆನಪಿಗೆ ಪ್ರದರ್ಶನ ಮಾಡೋಣ ಎಂದು ಮುಂದೆ ಬಂದವರು ಒಂದು ಸಣ್ಣ ಗ್ಯಾಲರಿ ನಡೆಸುವ ಮೇಡಮ್ಮು. ನಾನು ಎಲ್ಲ ಫೋಟೋಗಳನ್ನೂ ಮೇಜಿನ ಮೇಲೆ ಹರಡಿದೆ. ಅವರು ಸೀದಾ ಬಿಸ್ಕತ್ತಿನ ಡಬ್ಬಕ್ಕೆ ಕೈ ಹಾಕಿದರು.

"ಇವೇ ಇವೇ! ಎಷ್ಟೊಂದು ನೋವಿದೆ ಇದರಲ್ಲಿ."

"ಮೇಡಂ, ಅವು ಅವಳು ಬಿಸಾಕಿದ್ದು. ಈ ಸಿಂಕಿನದ್ದು ನೋಡಿ."

"ಚೆನ್ನಾಗಿದೆ. ಆದ್ರೆ ಇದರಲ್ಲಿ ನೋವೆಲ್ಲಿದೆ?"

"ನಲ್ಲಿಗೆ ತಲೆ ಹೊಡ್ಕೊಂಡಿದ್ದಳು. ಅದು ಸಾಲದಾ?"

ಅವರು ನಗಲಿಲ್ಲ. "ಮುಖ ಹಾಕೋಕೆ ಅವರ ಒಪ್ಪಿಗೆ ಬೇಕಲ್ವಾ? ಇದೆಯಾ?"

ಇರಲಿಲ್ಲ. ಅವಳು ಕೊಟ್ಟ ಮಾತು ಮಾತ್ರ ಇತ್ತು, ಅದೂ ನನ್ನ ದಾರಿಗೇ ಅಡ್ಡವಾಗಿತ್ತು. ಅದರಿಂದಾಗಿ ಮೇಡಮ್ಮನ ಮೇಲೆ ಸಿಟ್ಟಾಗುವ ಹಾಗೂ ಇರಲಿಲ್ಲ. ಹಾಗಾಗಿ ಸಿಟ್ಟು ಇನ್ನೂ ಹೆಚ್ಚಾಯಿತು.

ಒಪ್ಪಿಗೆ ಕೇಳಿಕೊಂಡು ಮನೆಮನೆಗೆ ಅಲೆದೆ. ಸಿಂಕಿನ ಜೋಡಿ ಈಗ ಬೇರೆಯಾಗಿತ್ತು. ಅವಳಿರುವ ಫೋಟೋ ಸುಟ್ಟುಹಾಕು ಎಂದು ಇವಳು, ಇವಳಿರುವ ಫೋಟೋ ಸುಟ್ಟುಹಾಕು ಎಂದು ಅವಳು. ಕನ್ನಡಕದ ಅಜ್ಜಿಯರಲ್ಲಿ ಒಬ್ಬರು ತೀರಿಹೋಗಿದ್ದರು, ಇನ್ನೊಬ್ಬರು ಬಾಗಿಲನ್ನೇ ತೆಗೆಯಲಿಲ್ಲ. ಕೊನೆಗೆ ಉಳಿದದ್ದು ದರ್ಜಿ ಮತ್ತು ಅವಳ ಜೊತೆಗಾತಿ ನರ್ಸಮ್ಮ.

"ನಾವು ಮುಖ ಕೊಟ್ಟಿದ್ದು ಅಕ್ಕನಿಗೆ," ಎಂದಳು ನರ್ಸಮ್ಮ. "ಗೋಡೆಗಲ್ಲ. ನಾಳೆ ವಾರ್ಡಲ್ಲಿ ಯಾರಾದ್ರೂ ನನ್ನ ಕೈಯಲ್ಲಿ ಇಂಜೆಕ್ಷನ್ ಬೇಡ ಅಂದ್ರೆ ನೀನು ಬಂದು ಚುಚ್ತೀಯಾ?"

"ಇವಳಿಗೆ ಎಲ್ಲದಕ್ಕೂ ಹೆದರಿಕೆ," ಎಂದಳು ದರ್ಜಿ.

"ನಿನಗೇನಮ್ಮ, ನಿನ್ನ ಮಷೀನು ಯಾರ ಮೇಲೂ ದೂರು ಕೊಡಲ್ಲ."

ಅವರಿಬ್ಬರೂ ಮಾತಿಗೆ ಮಾತು ಬೆಳೆಸಿದರು. ಜಗಳ ಹೊತ್ತಿಸಿದ ನಾನು ಚಹಾ ಲೋಟ ಹಿಡಿದು ನಡುವೆ ಕೂತಿದ್ದೆ. ಕಡೆಗೆ ದರ್ಜಿ ನನ್ನ ಕೈಯಿಂದ ಫೋಟೋಗಳನ್ನು ಕಿತ್ತುಕೊಂಡು ಒಂದನ್ನು ಆರಿಸಿದಳು. ಅದರಲ್ಲಿ ಅವಳೊಬ್ಬಳೇ. ತೊಡೆಯ ಮೇಲೆ ನರ್ಸಮ್ಮನ ಹರಿದ ಸಮವಸ್ತ್ರ, ಹಲ್ಲಿನಲ್ಲಿ ದಾರ, ಯಾರನ್ನೋ ಗದರುತ್ತಿರುವ ಮುಖ.

"ಇದು ಹಾಕು. ಈ ಮುಖ ನನ್ನದು, ಯಾರ ಅಪ್ಪಣೆಯೂ ಬೇಕಿಲ್ಲ."

ನರ್ಸಮ್ಮ ಎದ್ದು ಒಳಗೆ ಹೋದಳು. ಬಾಗಿಲು ಜೋರಾಗಿ ಹಾಕಿಕೊಂಡಿತು.

ಪ್ರದರ್ಶನಕ್ಕೆ ಜನ ಬಂದರು. ಗೋಡೆಯ ತುಂಬ ಬೆನ್ನುಗಳು, ನೆರಳುಗಳು, ಮುಂಗೈಗಳು. ದರ್ಜಿಯ ಫೋಟೋವನ್ನು ಮೇಡಮ್ಮು ಟಾಯ್ಲೆಟ್ಟಿಗೆ ಹೋಗುವ ಪ್ಯಾಸೇಜಿನಲ್ಲಿ ತೂಗುಹಾಕಿಸಿದ್ದರು. ಉಳಿದವುಗಳ ಜೊತೆ ಹೊಂದುವುದಿಲ್ಲವಂತೆ. ಅಲ್ಲಿ ನಿಂತವರು ಕಾಯುತ್ತಿದ್ದುದು ಬಾಗಿಲು ತೆರೆಯುವುದಕ್ಕೆ. ದರ್ಜಿಯೂ ಬಂದಿದ್ದಳು, ಒಬ್ಬಳೇ. ಒಂದಿಷ್ಟು ಹೊತ್ತು ಅಲ್ಲೇ ನಿಂತಳು. ಫೋಟೋದಲ್ಲಿರುವವಳು ಇವಳೇ ಎಂದು ಒಬ್ಬರಿಗೂ ಹೊಳೆಯಲಿಲ್ಲ. "ಇಷ್ಟಕ್ಕಾ ಮನೇಲಿ ಅವಳ ಹತ್ರ ಅಷ್ಟು ಬೈಸ್ಕೊಂಡೆ?" ಎಂದು ಹೊರಟುಹೋದಳು.

ನಡುಗೋಡೆಯ ದೊಡ್ಡ ಚಿತ್ರದಲ್ಲಿ ಒಬ್ಬ ಹೆಂಗಸು ಅಡುಗೆಮನೆಯಲ್ಲಿ ಬೆನ್ನು ಮಾಡಿ ನಿಂತಿದ್ದಾಳೆ. ಅದರ ಮುಂದೆ ಒಬ್ಬರು ಕಣ್ಣೊರೆಸಿಕೊಂಡು, "ಎಂಥ ಒಂಟಿತನ," ಎಂದರು.

"ಹಾಲು ಉಕ್ಕುತ್ತಿತ್ತು," ಎಂದೆ. "ಅದಕ್ಕೇ ತಿರುಗಿದ್ದು. ಬೆನ್ನು ನನ್ನದೇ. ಫೋಟೋ ಕೆಡಿಸಿದೆ ಅಂತ ಅವಳು ಹಾಲು ಇಳಿಸೋಕೂ ಬಿಡದೆ ಬೈದಳು."

ಮೇಡಮ್ಮು ಬಂದು ನನ್ನ ತೋಳು ಹಿಡಿದರು. "ಪ್ಲೀಸ್, ನೋಡೋರನ್ನ ಅವರ ಪಾಡಿಗೆ ಬಿಡಿ."

ತೋಳು ಬಿಡಿಸಿಕೊಂಡೆ. ಮುಂದೆ ಬಂದವರಿಗೂ ಹಾಲಿನ ವಿಷಯ ಹೇಳಿದೆ, ಆಮೇಲೆ ಟಾಯ್ಲೆಟ್ಟಿನ ಪ್ಯಾಸೇಜಿನ ಕಡೆಗೆ ಕೈ ತೋರಿಸಿದೆ.