ಆರಿಸುತ್ತಿದ್ದ ಬೆರಳು

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಯ ಬೆಳಗಿನ ಸೈರನ್ ಕೂಗಿದರೆ ಈಗಲೂ ನನ್ನ ಕಾಲುಗಳು ಚಪ್ಪಲಿ ಹುಡುಕುತ್ತವೆ. ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಆಗ ಆ ಹೊತ್ತಿಗೆ ಕಾಳಿ ಹೊಳೆಯ ಮಂಜು ರಸ್ತೆಯವರೆಗೆ ಬಂದಿರುತ್ತಿತ್ತು, ಹಸಿ ಬಿದಿರಿನ ವಾಸನೆ ಅಂಗಿಗೆ ಹತ್ತಿಕೊಳ್ಳುತ್ತಿತ್ತು. ಹಳಿಯಾಳದ ಕಡೆಯ ಮೊದಲ ಬಸ್ಸಿನಿಂದ ಇಳಿದ ಜನ ಬುತ್ತಿಗಂಟು ಹಿಡಿದು ನಮ್ಮ ಗುತ್ತಿಗೆದಾರರ ಕಟ್ಟಿಗೆ ಅಡ್ಡೆಯ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ನಾನು ಅಲ್ಲಿ ಮುಕಾದಮ. ಆ ದಿನ ಲಾರಿ ತುಂಬಲು ಯಾರು ಬೇಕೆಂದು ಆರಿಸುವುದು ನನ್ನ ಕೆಲಸ.

ಅದಕ್ಕೆ ಮಾತು ಬೇಕಿರಲಿಲ್ಲ. ನಾನು ಬೊಟ್ಟು ಮಾಡಿದವನು ಒಳಗೆ ಬಂದು ಬುತ್ತಿಯನ್ನು ಶೆಡ್ಡಿನ ಗೂಟಕ್ಕೆ ತೂಗುಹಾಕುತ್ತಿದ್ದ. ಉಳಿದವರು ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ಬಿಚ್ಚದ ಬುತ್ತಿಯನ್ನು ಹೆಂಡತಿಯ ಎದುರು ಇಡಲು ನಾಚಿಕೆ. ಹೊಳೆಯ ದಂಡೆಯಲ್ಲಿ ಕುಳಿತು ಬೆಳಿಗ್ಗೆಯೇ ಉಂಡು, ಸಂಜೆಯ ಬಸ್ಸಿಗೆ ಖಾಲಿ ಬಟ್ಟೆ ಹಿಡಿದು ಹೋಗುತ್ತಿದ್ದರು. ಇನ್ನೊಂದು ಕಟ್ಟಳೆ ಇತ್ತು, ಅದನ್ನು ಮಾಡಿದವನು ನಾನೇ: ಕರೆಯದೆ ಹೆಜ್ಜೆ ಮುಂದಿಟ್ಟವನಿಗೆ ಅಂದು ಕೆಲಸವಿಲ್ಲ.

ಆ ದಿನಗಳು ನನಗೆ ಬಹಳ ಪ್ರೀತಿಯವು. ಸುಳ್ಳೇಕೆ ಹೇಳಲಿ? ಚಹಾದಂಗಡಿಯವನು ಮೊದಲ ಕಪ್ಪು ನನಗೇ ಕೊಡುತ್ತಿದ್ದ. ಸಾಲಿನಲ್ಲಿ ಯಾರಾದರೂ “ಇವತ್ತ ಮುಕಾದಮರ ಬೊಟ್ಟು ಯಾ ಕಡೆ ಸೊಟ್ಟ ಐತೋ ನೋಡ್ರಪಾ” ಎಂದರೆ ನಾನೂ ನಗುತ್ತಿದ್ದೆ.

ಭಾನುವಾರ ನಮ್ಮ ಚರ್ಚಿನಲ್ಲಿ, ಲೋಕ ಹುಟ್ಟುವ ಮೊದಲೇ ದೇವರು ತನ್ನವರನ್ನು ಆರಿಸಿಕೊಂಡಿದ್ದಾನೆ ಎಂದು ಬೋಧಿಸುತ್ತಿದ್ದರು. ಉಳಿದವರಿಗೆ ಕಠಿಣವೆನಿಸಿದ ಆ ಮಾತು ನನಗೆ ಸಲೀಸಾಗಿ ತಿಳಿಯಿತು. ಆರಿಸುವುದೆಂದರೇನೆಂದು ನನಗೆ ಗೊತ್ತಿರಲಿಲ್ಲವೇ? ಭುಜ ನೋಡಬೇಕು, ಕಾಲು ನೋಡಬೇಕು. ನನ್ನಲ್ಲಿಯೂ ದೇವರು ಏನೋ ಒಂದು ಕಸುವು ಕಂಡಿರಬೇಕೆಂದುಕೊಂಡೆ.

ಸಾಲಿನ ತುದಿಯಲ್ಲಿ ಹಳಿಯಾಳದ ಕಡೆಯ ಒಬ್ಬ ರೈತ ನಿಲ್ಲುತ್ತಿದ್ದ. ಹಣೆಗೆ ವಿಭೂತಿ, ಒಂದು ಪಾದ ಹುಟ್ಟಿನಿಂದಲೇ ಸೊಟ್ಟ. ಅವನಿಗೆ ನಾನು ಎಂದೂ ಬೊಟ್ಟು ಮಾಡಿರಲಿಲ್ಲ. ಒಂದು ದಿನ ಅವನು ಕುಂಟುತ್ತ ಮುಂದೆ ಬಂದ.

“ಇವತ್ತರ ಕರೀರಿ, ಮುಕಾದಮರ. ಬಿದಿರು ಹೊರಾಕ ಕಾಲು ಬ್ಯಾಡ್ರಿ, ಹೆಗಲು ಸಾಕು.”

“ಕರೀದ ಬಂದ್ಯಲ್ಲೋ! ಮಠಕ್ಕ ಹೋಗು. ಅಲ್ಲಿ ಯಾರು ಬಂದ್ರೂ ಉಣ್ಣಾಕ ಹಾಕ್ತಾರ” ಎಂದೆ.

ಸಾಲೆಲ್ಲ ನಕ್ಕಿತು. ಅವನೂ ಸ್ವಲ್ಪ ನಕ್ಕು, ಬುತ್ತಿ ಎತ್ತಿಕೊಂಡು ಹೊಳೆಯ ಕಡೆ ನಡೆದ.

ಮುಂದಿನ ಮಳೆಗಾಲದಲ್ಲಿ ಉರುಳಿದ ದಿಮ್ಮಿಗೆ ನನ್ನ ಬಲಗೈ ಸಿಕ್ಕಿತು. ಬೆರಳುಗಳು ಇಂದಿಗೂ ಪೂರ್ತಿ ಬಿಚ್ಚುವುದಿಲ್ಲ. ಗಾಯ ಮಾಯ್ದು ಅಡ್ಡೆಗೆ ಹೋದಾಗ ಬೇರೊಬ್ಬ ಮುಕಾದಮ ಬಂದಿದ್ದ. ನಾನು ಸಾಲಿನಲ್ಲಿ ನಿಂತೆ. ಅವನು ನನ್ನ ಕೈ ನೋಡಿ, ಪಕ್ಕದವನಿಗೆ ಬೊಟ್ಟು ಮಾಡಿದ. ಅವನ ತಪ್ಪೇನು? ನಾನೂ ಹಾಗೇ ಮಾಡುತ್ತಿದ್ದೆ. ಅಂದು ಅವಸರದಲ್ಲಿ ಬುತ್ತಿಯನ್ನೂ ತಂದಿರಲಿಲ್ಲ. ಹೊಳೆಯ ದಂಡೆಗೆ ಹೋಗಿ, ಯಾರಿಗೂ ಮುಖ ಕಾಣದಂತೆ ಕುಳಿತೆ.

ಹಿಂದಿನಿಂದ ಒಂದು ಕಾಲು ಎಳೆಯುವ ಸದ್ದು ಬಂತು. ಆ ರೈತ ಪಕ್ಕದಲ್ಲಿ ಕುಳಿತು ಗಂಟು ಬಿಚ್ಚಿದ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ರೊಟ್ಟಿ ಮುರಿದು ಅರ್ಧ ನನ್ನ ಮುಂದೆ ಹಿಡಿದ.

“ತಗೋರಿ.”

“ನನ್ನ ಮ್ಯಾಲ ಸಿಟ್ಟಿಲ್ಲೇನು?”

“ಐತ್ರಿ. ಸಿಟ್ಟು ಒಂದು ಕಡೆ, ಹಸಿವು ಒಂದು ಕಡೆ. ಮಠದ ತನಕ ಯಾಕ ಹೋಗ್ತೀರಿ? ಇಲ್ಲೂ ಯಾರು ಬಂದ್ರೂ ಉಣ್ಣಾಕ ಐತಿ.”

ಆ ರೊಟ್ಟಿ ತೆಗೆದುಕೊಂಡು ತಿಂದೆ. ಕ್ಷಮಿಸು ಎನ್ನಲಿಲ್ಲ. ಆಮೇಲೆ ಅವನು ಆ ಬಸ್ಸಿನಲ್ಲಿ ಬರುವುದನ್ನೇ ಬಿಟ್ಟ. ಊರು ಯಾವುದೆಂದು ನಾನು ಕೇಳಿಯೇ ಇರಲಿಲ್ಲ.

ದೇವರು ಆರಿಸುವಂಥದ್ದು ನನ್ನಲ್ಲಿ ಏನೂ ಇರಲಿಲ್ಲವೆಂದು ಅಂದು ತಿಳಿಯಿತು. ಪ್ರಭುವಿನ ಭೋಜನದ ಭಾನುವಾರಗಳಲ್ಲಿ ಕೊನೆಯ ಬೆಂಚಿಗೆ ಸರಿದೆ. ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳಲು ಎಲ್ಲರೂ ಎದ್ದು ಮುಂದಿನ ಮೇಜಿನ ಹತ್ತಿರ ಹೋದರೂ ನಾನು ಕುಳಿತೇ ಇರುತ್ತಿದ್ದೆ. ದೇವರು ನನ್ನನ್ನು ನಿಜವಾಗಿ ಆರಿಸಿದ್ದರೆ ಒಂದು ಗುರುತಾದರೂ ಬಂದೀತೆಂದು ಕಾದೆ. ಕಾಯುತ್ತ ಮುದುಕನಾದೆ. ನನ್ನನ್ನು ಕೈಬಿಟ್ಟಿದ್ದರೆ ಎಂಬ ಹೆದರಿಕೆ ಈಚೆಗೆ ಹೆಚ್ಚಾಗಿತ್ತು.

ಹೋದ ತಿಂಗಳು, ಧಾರವಾಡದ ಕಡೆಯಿಂದ ಹೊಸದಾಗಿ ಬಂದ ನಮ್ಮ ಚರ್ಚಿನ ಪಾದ್ರಿ ಅಯ್ಯನವರು ಮನೆಗೆ ಬಂದು ಕೇಳಿದರು, “ಯಾಕ್ರಿ ಅಜ್ಜಾರ, ನೀವು ಮೇಜಿನ ಹತ್ರ ಬರಂಗಿಲ್ಲ?”

“ಕರೆ ಬಂದಿಲ್ರಿ ಅಯ್ಯಾರ” ಎಂದೆ. ಇಲ್ಲಿ ಬರೆದದ್ದನ್ನೆಲ್ಲ ಅವರಿಗೆ ಹೇಳಿದೆ.

ಅವರು ಚಹಾದ ಬಟ್ಟಲು ಕೆಳಗಿಟ್ಟರು. ಆಮೇಲೆ ಕೇಳಿದರು, “ಆ ರೈತನ ರೊಟ್ಟಿ ಸಿಗಾಕ ನೀವೇನು ಮಾಡಿದ್ರಿ?”

“ಏನಿಲ್ರಿ. ಹಸಿವಿತ್ತು.”

“ಬ್ಯಾಡ ಅಂದ್ರೇನು?”

“ಇಲ್ರಿ.”

“ಮತ್ತ ದೇವರ ಕೂಡ ಯಾಕ ಹಟ ಹಿಡೀತೀರಿ? ಆರಿಸೂದು ಆತನ ಕೆಲಸ. ಆದ್ರ ಆತ ನಿಮ್ಮಂಗ ಹೆಗಲು ನೋಡಿ ಆರಿಸಂಗಿಲ್ಲ. ‘ಬರ್ರಿ’ ಅಂತ ನಾ ಪ್ರತಿ ಸಲ ಕರೀತೇನಲ್ಲ, ಅದ ಕರೆ.”

ನನಗೆ ಇನ್ನೊಂದು ಕೇಳುವುದಿತ್ತು. “ಆ ರೈತನ್ನ ಆರಿಸ್ಯಾನೇನ್ರಿ ದೇವರು? ಅವ ಶಿವನ ಪೂಜೆ ಮಾಡಾವ.”

ಅಯ್ಯನವರು ನಕ್ಕರು. “ಅಜ್ಜಾರ, ಬೊಟ್ಟು ಮಾಡೂ ಕೆಲಸ ಇನ್ನೂ ಬಿಟ್ಟಿಲ್ಲೇನ್ರಿ?”

ಮೊನ್ನೆ ಭಾನುವಾರ ಅವರು “ಬರ್ರಿ” ಎಂದಾಗ ಬೆಂಚು ಹಿಡಿದು ಎದ್ದೆ. ಮುಂದಿನ ಬೆಂಚಿನವರು ತಿರುಗಿ ನೋಡಿದರು. ಒಂದೊಂದು ಹೆಜ್ಜೆಗೂ ಯಾರೋ ನನ್ನದೇ ಹಳೆಯ ದನಿಯಲ್ಲಿ “ಹಿಂದ ನಿಲ್ಲು, ನಿನ್ನ ಕರದಿಲ್ಲ” ಎಂದು ಕೂಗುವರೆಂದು ಕಿವಿ ನಿಮಿರಿತ್ತು. ಯಾರೂ ಕೂಗಲಿಲ್ಲ. ಬಿಚ್ಚದ ಬೆರಳುಗಳ ಕೈಯನ್ನು ಹಾಗೆಯೇ ಮುಂದೆ ಹಿಡಿದೆ. ಅಯ್ಯನವರು ರೊಟ್ಟಿ ಮುರಿದು ಅದರಲ್ಲಿಟ್ಟರು.