ಕಾಯಿಗೆ ಗುಂಡು, ಕಾಲಿಗೆ ಇಂಬಳ

ಕೋವಿ ಕತ್ತಿಗಳಿಗೆ ಹೂ ಮುಡಿಸಿ ಪೂಜೆ ಮಾಡುವ ಕೈಲು ಮುಹೂರ್ತದ ಹಬ್ಬಕ್ಕೆ ನಮ್ಮೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಇಡುತ್ತಿದ್ದರು. ಇಡುವುದು ಊರವರೆಲ್ಲ, ದುಡಿಯುವುದು ನಮ್ಮ ಮನೆಯವರು, ಅಂದರೆ ನನ್ನ ಗಂಡ, ಒಬ್ಬರೇ. ಮದುವೆಯಾಗಿ ಗಾಳಿಬೀಡಿನ ಈ ಪಕ್ಕಕ್ಕೆ ಬಂದ ವರ್ಷದಿಂದ ನಾನು ನೋಡಿದ್ದು ಅದನ್ನೇ. ಬಿಳಿ ದೊರೆಗಳ ಕಾಲ ಅದು. ತಲೆತಲಾಂತರದ ಜಮ್ಮಾ ಜಮೀನಿನವರಿಗೆ ಕೋವಿಗೆ ಲೈಸೆನ್ಸು ಬೇಡ. ಹಾಗಾಗಿ ಮನೆಗೊಂದು ಕೋವಿ, ಕೋವಿಗೊಬ್ಬ ಶೂರ. ಕಾಡು ಸವರುವ ಕತ್ತಿ ಹಿಡಿ ಅಂದರೆ ಮಾತ್ರ ಒಬ್ಬನೂ ಇಲ್ಲ.

ಪಂದ್ಯ ಅಂದರೆ ಬರೀ ಗುಂಡು ಹೊಡೆಯುವುದಲ್ಲ. ಮಳೆಗಾಲದಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ಕೊಯ್ಯಬೇಕು. ಎತ್ತರದ ಮರ ಹತ್ತಿ ತುದಿಯಲ್ಲಿ ಕಾಯಿ ಕಟ್ಟಬೇಕು. ನೀರು ಹೊರಬೇಕು. ಎಲ್ಲಕ್ಕಿಂತ ಕೆಟ್ಟ ಕೆಲಸ, ಆ ಮರದ ಹಿಂದೆ ಕೆಳಗೆ ಹರಿಯುವ ಸಣ್ಣ ತೋಡಿನ ಪಕ್ಕದ ಕಾಲುದಾರಿಯಲ್ಲಿ ಕೆಂಪು ಬಟ್ಟೆ ಹಿಡಿದು ನಿಲ್ಲುವುದು. ತಪ್ಪಿದ ಗುಂಡು ಹೋಗುವುದು ಅದೇ ಕಡೆಗೆ. ಯಾರ ದನವೋ, ಸೌದೆ ಹೊತ್ತವಳೋ ಆ ದಾರಿಯಲ್ಲಿ ಬಂದರೆ ತಡೆಯಬೇಕು, ಮೇಲಿನವರಿಗೆ ಕೂಗಿ ಹೇಳಬೇಕು. ಒಂದು ವರ್ಷ ಗುಂಡು ಒಂದು ಎಮ್ಮೆಯ ಬೆನ್ನು ಸವರಿಕೊಂಡು ಹೋದ ಮೇಲೆ, ಅಲ್ಲಿ ಆಳಿಲ್ಲದೆ ಪಂದ್ಯ ಬೇಡ ಅಂತ ಪಟೇಲರು ಕಟ್ಟು ಮಾಡಿದರು. ಕಟ್ಟು ಮಾಡಿದ್ದು ಪಟೇಲರು, ನಿಂತಿದ್ದು ನಮ್ಮ ಮನೆಯವರು.

ಆ ತೋಡಿನ ದಡದಲ್ಲಿ ಇಂಬಳ ಅಂದರೆ ಇಂಬಳ. ನೆಲದ ಜಿಗಣೆ ಅದು. ಹುಲ್ಲಿನ ತುದಿಯಲ್ಲಿ ನಿಂತು ಮೂತಿ ಆಡಿಸುತ್ತಾ ಕಾಯುತ್ತದೆ. ಇವರು ಬೆಳಿಗ್ಗೆ ಹೋದರೆ ಹೊತ್ತು ಇಳಿದ ಮೇಲೆ ಹತ್ತಿ ಬರುತ್ತಿದ್ದರು. ಆಗ ಯಾರಾದರೂ, "ಅಯ್ಯೋ, ನೀನೊಬ್ಬ ಬಾಕಿ! ಬೆಳಕು ಇಲ್ಲೆ ಮಾರಾಯ, ಬರೋ ವರ್ಷ ಹೊಡಿ" ಅನ್ನುವರು. ಇವರು ತಲೆಯಾಡಿಸಿ, ಹೂ ಮುಡಿಸಿದ ಕೋವಿಯನ್ನು ಹಾಗೇ ಹೆಗಲಿಗೆ ಹಾಕಿಕೊಂಡು ಮನೆಗೆ ತರುವರು. ಮನೆಯಲ್ಲಿ ಕೋವಿಯ ನಳಿಗೆಗೆ ಎಣ್ಣೆ ಬಟ್ಟೆ ತೂರಿಸಿ ಎಳೆದರೆ ಬಟ್ಟೆ ಬೆಳ್ಳಗೇ ಬರುತ್ತಿತ್ತು, ಮದ್ದಿನ ಕಪ್ಪೇ ಇಲ್ಲ.

ಒಂದು ವರ್ಷ ಹಬ್ಬಕ್ಕೆ ಮುಂಚೆ, ಸಂಜೆ ದೀಪ ಹಚ್ಚುವಾಗ ಇವರು ಕೇಳಿದರು, "ಎರಡು ದೀಪ ಎಂಥಕ್ಕೆ ಹಚ್ಚಿದ್ದು?"

ನಾನು ಹಚ್ಚಿದ್ದು ಒಂದೇ. ಹತ್ತಿರ ಕರೆದು ನೋಡಿದೆ. ಬಲಗಣ್ಣಿನ ಮೇಲೆ ಹಾಲಿನ ಕೆನೆಯ ಹಾಗೆ ಪೊರೆ. ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಬೇಟೆ ಬಿಟ್ಟು ಕೆಲವು ವರ್ಷ ಆಗಿತ್ತು, ಕಾರಣ ಆಗ ಗೊತ್ತಾಯಿತು.

"ಯಾರಿಗೂ ಹೇಳ್ಬೇಡ," ಅಂದರು. "ಈ ಸಲ ಒಂದು ಗುಂಡು ಹೊಡೀಬೇಕು. ಅಪ್ಪನ ಕೋವೀಲಿ, ಊರವರ ಎದುರಿಗೆ. ಒಂದೇ."

ಇವರು ಏನನ್ನೂ ಬಾಯಿಬಿಟ್ಟು ಕೇಳಿದವರಲ್ಲ. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟು ವರ್ಷ ಕಣ್ಣಿದ್ದಾಗ ದಾರಿ ಕಾಯ್ದು, ಈಗ ಕೇಳುತ್ತಾರಲ್ಲ ಅಂತ.

ಪಟೇಲರು ಇವರ ದೊಡ್ಡಪ್ಪನ ಮಗ, ನನಗೆ ಬಾವ. ಮಾರನೆಯ ದಿನ ಅವರ ಮನೆಯ ಅಂಗಳದಲ್ಲಿ ಊರವರು ಸೇರಿದ್ದರು. ಬಾವ ಪ್ರತಿ ವರ್ಷದ ಮಾತನ್ನೇ ಹೇಳಿದರು, "ಎಲ್ರೂ ಕೈ ಹಾಕೊಕು." ಎಲ್ಲರೂ "ಹೋ" ಅಂದರು. ಹುಲ್ಲು ಕೊಯ್ಯಲು ಬಂದವರು ಇಬ್ಬರು. ಒಬ್ಬರು ನಮ್ಮ ಮನೆಯವರು. ಇನ್ನೊಬ್ಬ, ತನಗೆ ಬರಲು ಆಗುವುದಿಲ್ಲ ಅಂತ ಹೇಳಲು ಬಂದವನು.

ನನ್ನ ಮೈದುನ ಜಗಲಿಯಲ್ಲಿ ಕೂತು ಕೋವಿ ಉಜ್ಜುತ್ತಿದ್ದ. ಊರಿಗೇ ದೊಡ್ಡ ಗುರಿಕಾರ, ವರ್ಷವೂ ಕಾಯಿ ಒಡೆಯುವವನು ಅವನೇ. ಕತ್ತಿ ತಗೊಂಡು ಹೋಗು ಅಂದೆ.

"ಅತ್ತಿಗೆ, ಕತ್ತಿ ಬೀಸಿರೆ ಕೈ ನಡುಗ್ತದೆ. ಗುರಿ ತಪ್ಪಿತು ಅಂತ ಇಟ್ಕಳಿ, ಮನೆ ಮರ್ಯಾದೆ ಹೋದ ಹಂಗೆ."

"ಕಡುಬಿನ ಉಂಡೆ ಹಿಡಿಯುವಾಗ ನಡುಗೋದಿಲ್ಲೆಯಾ?"

"ಅದು ಬೇರೆ ಕೈ," ಅಂದ. ನಾಚಿಕೆ ಅನ್ನುವುದು ಅವನಿಗೆ ಹುಟ್ಟಿನಿಂದಲೇ ಇಲ್ಲ.

ನಾನು ಬಾವನ ಹತ್ತಿರ ಹೋದೆ. ಹೆಂಗಸರು ಇಂಥದಕ್ಕೆ ಬಾಯಿ ಹಾಕುವ ವಾಡಿಕೆ ಇರಲಿಲ್ಲ. ಆದರೆ ಅಷ್ಟೂ ಜನಕ್ಕೆ ಹಂದಿ ಬೇಯಿಸುವುದು, ಕಡುಬು ಕಟ್ಟುವುದು ನಾವು. ಬಾಯಿ ಹಾಕಿದೆ.

"ಬಾವ, ದಾರೀಲಿ ಸ್ವಲ್ಪ ಹೊತ್ತು ನಿಂತು ಬಂದವನೇ ಗುಂಡು ಹೊಡೀಲಿ. ನಿಲ್ಲದವನಿಗೆ ಪಂದ್ಯ ಇಲ್ಲೆ, ಊಟವೂ ಇಲ್ಲೆ."

"ಯಾರು ನಿಂತಿದ್ರು, ಯಾರು ಇಲ್ಲೆ ಅಂತ ನೋಡಿಕೊಂಡು ಕೂರೋದು ಯಾರು? ನೀನಾ?"

"ಕಾಲು ನೋಡಿ. ಆ ತೋಡಿನ ಹತ್ರ ನಿಂತವನ ಕಾಲಲ್ಲಿ ಇಂಬಳ ಕಚ್ಚಿದ ರಕ್ತ ಇರ್ತದೆ. ಇಲ್ಲದಿದ್ರೆ ನಿಂತಿಲ್ಲೆ."

ಬಾವ ನಕ್ಕರು. ನಕ್ಕು ಮುಗಿಸಿ, ಆಗಲಿ ಅಂದರು. ಅವರಿಗೂ ಸಾಕಾಗಿತ್ತು ಅಂತ ಕಾಣುತ್ತದೆ.

ಪಂದ್ಯದ ದಿನ ಅಭ್ಯಾಸ ಬಲದಿಂದ ಇವರೇ ಮೊದಲು ಕೆಂಪು ಬಟ್ಟೆ ತಗೊಂಡು ಇಳಿದು ಹೋದರು. ವಾಡಿಕೆಯಂತೆ ಮೊದಲ ಗುಂಡು ಪಟೇಲರದು, ಅದು ಆಯಿತು. ಆಮೇಲೆ ಬಾವ ಹೊಸ ಕಟ್ಟು ಹೇಳಿದರು. ಒಬ್ಬನೂ ಅಲ್ಲಾಡಲಿಲ್ಲ. ಬಿಳಿ ಪಂಚೆ ಉಟ್ಟು ಬಂದವರು ಪಂಚೆ ನೋಡಿಕೊಂಡರು. ಒಬ್ಬ ಹಿರಿಯರು, "ಹಣೆಗೆ ಬೊಟ್ಟಿಟ್ಟು, ಕೋವಿಗೆ ಹೂ ಮುಡಿಸಿ ಬಂದದ್ದು ದನ ಕಾಯೋಕಾ?" ಅಂತ ಕೇಳಿದರು. ಕೋವಿಗಳು ಮರಕ್ಕೆ ಒರಗಿಕೊಂಡು ನಿಂತವು. ನಾನು ಸಾರಿನ ಹಂಡೆಯ ಮೇಲೆ ಮುಚ್ಚಳ ಇಟ್ಟು, ಮುಚ್ಚಳದ ಮೇಲೆ ಕಲ್ಲು ಇಟ್ಟು, ಪಕ್ಕದಲ್ಲೇ ಕೂತೆ. ಸಾರಿನ ವಾಸನೆ ಅವರ ಕಡೆಗೇ ಬೀಸುತ್ತಿತ್ತು.

ಹಸಿವಾದ ಮೇಲೆ ಒಬ್ಬ ಇಳಿದ. ಅವನು ಕಾಲಲ್ಲಿ ಗೆರೆ ಗೆರೆ ರಕ್ತ ಇಳಿಸಿಕೊಂಡು ಬಂದು ಗುಂಡು ಹೊಡೆದ ಮೇಲೆ ಇನ್ನೊಬ್ಬ ಇಳಿದ. ಹಾಗೆ ಒಬ್ಬೊಬ್ಬರಾಗಿ ಹೋಗಿ ಬಂದರು. ಬಂದವರೆಲ್ಲ ನನ್ನನ್ನು ಬೈದರು. ಬೈಯಲಿ. ಆದರೆ ಇವರು ಮಾತ್ರ ಮೇಲೆ ಬರಲಿಲ್ಲ. ಏನು ಮಾಡುತ್ತಾರೆ ಅಂತ ಬಂದವನನ್ನು ಕೇಳಿದರೆ, "ದನ ಯಾವ ತಿರುವಲ್ಲಿ ಬರ್ತವೆ ಅಂತ ನಂಗೆ ತೋರ್ಸ್ತಾ ಇದ್ರು" ಅಂದ. ಆಮೇಲಿನವನೂ ಅದನ್ನೇ ಹೇಳಿದ. ಬದಲಿ ಆಳು ಬಂದರೂ ಬಿಟ್ಟು ಬರಲು ಇವರಿಗೆ ನಂಬಿಕೆ ಇಲ್ಲ. ಇಂಥ ಗಂಡಸಿಗೆ ಯಾರಿಂದ ಏನು ಮಾಡಲು ಆಗುತ್ತದೆ?

ಹೊತ್ತು ಬಾಗಿದಾಗ ಮೈದುನ ಕುಂಟುತ್ತಾ ಬಂದ. "ಅಯ್ಯಪ್ಪಾ, ಜೀವ ಹೀರಿಬಿಟ್ವು." ಮೊಣಕಾಲಿನಿಂದ ಕೆಳಗೆಲ್ಲ ಕೆಂಪು. ಬಾವ ಅವನನ್ನು ಸಾಲಿಗೆ ನಿಲ್ಲಿಸುತ್ತಿದ್ದರು. ನಾನು ಬಗ್ಗಿ ನೋಡಿದೆ. ಇಂಬಳ ಕಚ್ಚಿದ ಗಾಯ ಬೇಗ ಕಟ್ಟುವುದಿಲ್ಲ, ಸುರಿಯುತ್ತಲೇ ಇರುತ್ತದೆ. ಇದು ಒಣಗಿ ಹಕ್ಕಳೆಯಾಗಿತ್ತು.

"ಹಂದಿ ಕೊಯ್ದ ಜಾಗಕ್ಕೆ ಎಂಥಕ್ಕೆ ಹೋಗಿದ್ದೆ ನೀನು?" ಅಂದೆ.

ಕಡುಬು ಬಿಚ್ಚುತ್ತಿದ್ದ ನನ್ನ ಓರಗಿತ್ತಿ, ಅಂದರೆ ಅವನ ಹೆಂಡತಿಯೇ, ಮೊದಲು ನಕ್ಕಿದ್ದು. ಆಮೇಲೆ ಎಲ್ಲರೂ ನಕ್ಕರು. ಅವನೂ ನಕ್ಕ. ನಕ್ಕು, ದಾರಿಯ ಕಡೆ ಕೈ ತೋರಿಸಿದ.

"ನನ್ನ ಬಿಡಿ. ಅಣ್ಣನ ಕಾಲು ನೋಡಿ ಈಗ. ಕಟ್ಟು ಅಂದ್ರೆ ಎಲ್ರಿಗೂ ಒಂದೇ!"

ಇವರು ಆಗಷ್ಟೇ ಹತ್ತಿ ಬರುತ್ತಿದ್ದರು. ಕಾಲು ನೋಡಿದೆವು. ಒಂದು ಚುಕ್ಕೆ ರಕ್ತ ಇಲ್ಲ. ಇಷ್ಟು ವರ್ಷ ಅಲ್ಲಿ ನಿಂತವರು ಸುಮ್ಮನೆ ಕಚ್ಚಿಸಿಕೊಳ್ಳುತ್ತಾರೆಯೇ? ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ ಮೊಣಕಾಲವರೆಗೆ ಬಳಿದುಕೊಂಡೇ ಹೋಗುವುದು. ಬೆಳಿಗ್ಗೆ ಕಲಸಿ ಕೊಟ್ಟವಳು ನಾನೇ. ಊರಿಗೆಲ್ಲ ಕಟ್ಟು ಹೇಳಿಕೊಟ್ಟ ತಲೆಗೆ ಅದು ಹೊಳೆಯಲೇ ಇಲ್ಲ.

ಬಾವ, "ಇವನು ನಿಂತದ್ದು ಎಲ್ರಿಗೂ ಗೊತ್ತುಟ್ಟು..." ಅಂತ ಶುರುಮಾಡಿದರು.

"ಬೇಡ," ಅಂದರು ಇವರು. "ಕಟ್ಟು ಅಂದ್ರೆ ಕಟ್ಟು." ತಿರುಗಿ ಇಳಿದೇ ಹೋದರು.

ನಾನು ಹಿಂದಿನಿಂದ ಕೂಗಿದೆ, "ಬೆಳಕು ಹೋಗ್ತದೆ! ನಿಮಗೆ ಬುದ್ಧಿ ಉಟ್ಟಾ?" ತಿರುಗಿ ನೋಡಲಿಲ್ಲ. ಮೈದುನ ಕೋವಿಯನ್ನು ಹೆಂಡತಿಯ ಕೈಗೆ ಕೊಟ್ಟು ಅಣ್ಣನ ಹಿಂದೆ ಇಳಿದ. ಅತ್ತ ಇವರು ತೋಡಿನಲ್ಲಿ ಕಾಲಿನ ಸುಣ್ಣ ತೊಳೆಯುತ್ತಿರುವಾಗ ಇತ್ತ ಬಾವ ಎದ್ದು ನಿಂತು, ಇನ್ನು ಮುಂದೆ ರಕ್ತ ಇಲ್ಲದಿದ್ದರೆ ಹೊಗೆಸೊಪ್ಪಿನ ವಾಸನೆ ಇದ್ದರೂ ಸಾಕು ಅಂತ ಕಟ್ಟು ತಿದ್ದಿದರು.

ಇಂಬಳಗಳಿಗೆ ಕರುಣೆ ಇತ್ತೋ ಏನೋ, ಬೇಗ ಕಚ್ಚಿದವು. ಇವರು ಹತ್ತಿ ಬರುವಾಗ ಎರಡು ಕಾಲಲ್ಲೂ ರಕ್ತ ಸುರಿಯುತ್ತಿತ್ತು. ಮೈದುನ ಬಟ್ಟೆ ಹಿಡಿದು ಕೆಳಗೇ ನಿಂತ. ಹೊತ್ತು ಮರದ ತಲೆಗೆ ಇಳಿದಿತ್ತು, ಆದರೆ ಬೆಳಕಿತ್ತು. ಕಣ್ಣಿದ್ದವರಿಗೆ ಕಾಯಿ ಕಾಣುತ್ತಿತ್ತು.

ಇವರು ಮದ್ದು ತುಂಬಿದರು. ಕೋವಿ ಎತ್ತುವ ಮೊದಲು, ಹೂ ಬಿಚ್ಚಿ ಕೊಡುವ ನೆಪದಲ್ಲಿ ನನ್ನ ಹತ್ತಿರ ಬಂದರು.

"ಕಾಯಿ ಯಾವ ಕಡೆ ಉಟ್ಟು?"

"ಮರದ ನೆತ್ತಿಗೆ, ಬಲಗಡೆ ಕವಲಲ್ಲಿ."

"ಮರ ಕಾಣ್ತದೆ," ಅಂದರು.

ಹೋಗಿ ನಿಂತರು. ಬಹಳ ಹೊತ್ತು ಗುರಿ ಹಿಡಿಯಲಿಲ್ಲ, ಹಿಡಿದೇನು ಪ್ರಯೋಜನ? ಹೊಡೆದರು. ಸದ್ದು ಬೆಟ್ಟಕ್ಕೆ ಬಡಿದು ತಿರುಗಿ ಬಂತು. ಕಾಯಿ ಅಲ್ಲಾಡಲಿಲ್ಲ. ಅದಕ್ಕಿಂತ ಬಹಳ ಕೆಳಗೆ ಒಂದು ಕೊಂಬೆಯಿಂದ ನಾಲ್ಕು ಎಲೆ ಉದುರಿದವು. ಯಾರೂ ನಗಲಿಲ್ಲ. ಬಾವ, "ಬಿಸಿಲು ಕಣ್ಣಿಗೆ ಹೊಡೀತಿತ್ತು, ಇನ್ನೊಂದು ಹೊಡಿ" ಅಂದರು.

"ಒಂದೇ ನನ್ನದು," ಅಂದರು ಇವರು. "ಆಯ್ತು."

ಮರು ವರ್ಷ ಎಲ್ಲರೂ ಮನೆಯಿಂದಲೇ ಹೊಗೆಸೊಪ್ಪು ಬಳಿದುಕೊಂಡು ಬಂದರು. ಇಡೀ ಮೈದಾನ ನಾರುತ್ತಿತ್ತು, ದಾರಿಯಲ್ಲಿ ಆಳಿಲ್ಲ. ಕೊನೆಗೆ ಕೆಂಪು ಬಟ್ಟೆ ತಗೊಂಡು ಇಳಿದವನು ನನ್ನ ಮೈದುನ, ಗೊಣಗುತ್ತಲೇ ಇಳಿದ. ಅಣ್ಣನ ಕಣ್ಣಿನ ವಿಷಯ ಅವನಿಗೆ ತೋಡಿನ ಹತ್ತಿರವೇ ಗೊತ್ತಾಗಿತ್ತಂತೆ. ಒಬ್ಬನ ಬದಲು ಇನ್ನೊಬ್ಬ ಸಿಕ್ಕಿದ, ಅಷ್ಟೇ. ಊರು ಬದಲಾಗಲಿಲ್ಲ.

ಆ ಒಂದು ಗುಂಡು ಹೊಡೆದ ದಿನ ಮನೆಗೆ ಬಂದ ಮೇಲೆ ಇವರು ಕೋವಿ ಬಿಚ್ಚಿ ನಳಿಗೆಗೆ ಬಟ್ಟೆ ತೂರಿಸಿ ಎಳೆದರು. ಬಟ್ಟೆ ಕರ‍್ರಗೆ ಬಂತು. ಅದನ್ನು ಕಣ್ಣಿನ ಹತ್ತಿರ ಹಿಡಿದುಕೊಂಡು ನೋಡಿದರು, ಮೂಸಿದರು, ಮತ್ತೆ ನೋಡಿದರು. ನಾನು ಕಿತ್ತುಕೊಂಡು ಒಗೆಯಲು ಹಾಕಿದೆ. ಮದ್ದಿನ ಕಪ್ಪು ಹೋಗಲಿಲ್ಲ. ಆಮೇಲೆ ಆ ಬಟ್ಟೆಯಲ್ಲೇ ಒಲೆಯಿಂದ ಬಿಸಿ ಪಾತ್ರೆ ಇಳಿಸುತ್ತಿದ್ದೆ.